ಮಡಿದ ಹುಳುವಿನ ಮಡಿ

ನೀರನ್ನು ಸೋಸಿ ಕುಡಿಯುವ, ಸೂರ್ಯಾಸ್ತಕ್ಕೆ ಮುನ್ನ ಉಣ್ಣುವ ಶ್ರಾವಕ ಕುಟುಂಬವು ಮಡಿಯೆಂದು ಪಟ್ಟೆ ಸೀರೆಯುಟ್ಟು ಬಸದಿಯ ಮೆಟ್ಟಿಲೇರುವುದು ವಿಪರ್ಯಾಸವಲ್ಲದೆ ಮತ್ತೇನು? ಪತಂಗವು ಗೂಡನ್ನು ಭೇದಿಸಿ ಹೊರಬಂದರೆ ಎಳೆ ತುಂಡಾಗುತ್ತದೆ. ಆದುದರಿಂದಲೇ ಜೀವವಿನ್ನೂ ಒಳಗಿರುವಾಗ ಗೂಡನ್ನು ಹಬೆಗೋ ಬಿಸಿಗಾಳಿಗೋ ಒಡ್ಡಿ, ಬಿಸಿನೀರಿನಲ್ಲಿ ಬೇಯಿಸಿ ನೂಲು ಬಿಚ್ಚುತ್ತಾರೆ. ಒಂದು ಸೀರೆಗೆ ಇಂತಹ ಸಾವಿರಾರು ಗೂಡುಗಳು ಬೇಕು. ಪತಂಗ ಹೊರಬಂದ ಗೂಡಿನಿಂದ ನೂತ ‘ಅಹಿಂಸಾ ರೇಷ್ಮೆ’ ಉಂಟಾದರೂ ಮದುವೆಯ ಅಂಗಡಿಗಳಲ್ಲಿ ಹೊಳೆಯುವ ಸೀರೆ ಸಾಮಾನ್ಯವಾಗಿ ಅದಲ್ಲ.

“ನಾವು ಕೊಂಡವರು, ಕೊಂದವರಲ್ಲ” ಎಂಬ ಸಮಾಧಾನ ನಿಲ್ಲದು. ಕೃತ, ಕಾರಿತ, ಅನುಮೋದನ ಮೂರನ್ನೂ ಜಿನಧರ್ಮವು ದೋಷವೆಂದೇ ಎಣಿಸಿದೆ.

ನೇಕಾರರ ಗತಿಯೇನು ಎಂಬ ಪ್ರಶ್ನೆ ಮಾತ್ರ ನ್ಯಾಯವಾದುದು. ಆದರೆ ಮಗ್ಗಕ್ಕೆ ಹತ್ತಿ ಪರಕೀಯವಲ್ಲ. ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಕುಣಿಕೆ ಕುಣಿಕೆಯಾಗಿ ಬೆಸೆಯುವ ಇಳಕಲ್ಲಿನ ಕೌಶಲವು, ಒಡಲಿಗೆ ಹತ್ತಿ, ಸೆರಗಿಗೆ ಕೃತಕ ರೇಷ್ಮೆ ಹಾಕಿದ ಸೀರೆಯಲ್ಲಿಯೂ ಕುಂದುವುದಿಲ್ಲ. ಕೊಳ್ಳುವವರು ಅದನ್ನು ತಕ್ಕ ಬೆಲೆ ಕೊಟ್ಟು ಕೊಂಡರೆ ನೇಕಾರನೂ ಉಳಿಯುತ್ತಾನೆ, ಹುಳುವೂ ಉಳಿಯುತ್ತದೆ.

ಪೆಟ್ಟಿಗೆಯಲ್ಲಿರುವ ಅಜ್ಜಿಯ ಸೀರೆಯನ್ನು ಎಸೆಯಬೇಕಾಗಿಲ್ಲ. ಹತ್ತಿಬಟ್ಟೆಯಲ್ಲಿ ಸುತ್ತಿ, ಆಗಾಗ ಮಡಿಕೆ ಬದಲಿಸಿ, ನೆರಳಿನಲ್ಲಿ ಗಾಳಿಗಾರಿಸಿ ಕಾಪಾಡಿದರೆ ಇನ್ನೊಂದು ತಲೆಮಾರಿಗೆ ಬಂದೀತು; ಹೊಸ ಹಿಂಸೆಯೊಂದು ತಪ್ಪೀತು.

ಬಸದಿಗಳ ಆಡಳಿತ ಮಂಡಳಿಗಳು ಮೊದಲು ಮೇಲ್ಪಂಕ್ತಿ ಹಾಕಲಿ. ಸನ್ಮಾನಕ್ಕೆ ರೇಷ್ಮೆ ಶಾಲನ್ನು ಬಿಟ್ಟು ಕೈಮಗ್ಗದ ಹತ್ತಿಯನ್ನೇ ಹೊದಿಸಲಿ. ಜೀವವೊಂದು ಮಡಿದು ಬಂದ ವಸ್ತ್ರ ಎಷ್ಟು ತೊಳೆದರೂ ಮಡಿಯಾಗದು.