ಯಂತ್ರಕ್ಕೆ ಒಲಿದ ಸಹಾಯಧನ, ಗೋಡೆಗೆ ಮುನಿಸು

ಮಂಡ್ಯ ಜಿಲ್ಲೆಯ ಹಳೆಯ ಆಲೆಮನೆಯೊಂದರ ಒಳಗೆ ಕಾಲಿಟ್ಟರೆ ಮೊದಲು ಕಣ್ಣಿಗೆ ಬೀಳುವುದು ಹೊಗೆ ಹಿಡಿದು ಕಪ್ಪಾದ ಶೀಟಿನ ಚಾವಣಿ. ಗಾಣದಿಂದ ಇಳಿದ ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಉಕ್ಕುತ್ತಿರುತ್ತದೆ. ಒಲೆಯ ಬಾಯಿಗೆ ಒಣಗಿದ ಕಬ್ಬಿನ ರಚ್ಚು ಬೀಳುತ್ತಲೇ ಇರುತ್ತದೆ. ಪಾಕ ಆರಿಸುವ ಜಾಗಕ್ಕೂ ರಚ್ಚಿನ ರಾಶಿಗೂ ನಡುವೆ ಗೋಡೆ ಇರುವುದು ಅಪರೂಪ. ನೆಲ ಬಿರುಕು ಬಿಟ್ಟಿರುತ್ತದೆ, ತೊಳೆದ ನೀರು ಹರಿದ ಕಡೆಯೇ ಚರಂಡಿ.

ಇಂಥ ಕಟ್ಟಡವನ್ನು ಆಹಾರ ಕಾರ್ಖಾನೆಯ ಮಟ್ಟಕ್ಕೆ ಏರಿಸಲೆಂದೇ ಸರ್ಕಾರ ಹಣ ಇಟ್ಟಿದೆ. 2020ರ ಜೂನ್‌ನಲ್ಲಿ ಕೇಂದ್ರ ಆರಂಭಿಸಿದ ಪ್ರಧಾನಮಂತ್ರಿ ಕಿರು ಆಹಾರ ಸಂಸ್ಕರಣಾ ಉದ್ಯಮಗಳ ಯೋಜನೆಯ ಗಾತ್ರ ₹10,000 ಕೋಟಿ. ಐದು ವರ್ಷಕ್ಕೆಂದು ಹೊರಟ ಯೋಜನೆ 2025–26ರವರೆಗೆ ವಿಸ್ತರಣೆಯಾಯಿತು. ‘ಒಂದು ಜಿಲ್ಲೆ, ಒಂದು ಉತ್ಪನ್ನ’ದ ಪಟ್ಟಿಯಲ್ಲಿ ಮಂಡ್ಯದ ಪಾಲಿಗೆ ಬಂದದ್ದು ಬೆಲ್ಲ. ಹೊಸ ಘಟಕಕ್ಕೂ ಹಳೆಯದರ ವಿಸ್ತರಣೆಗೂ ಯೋಜನಾ ವೆಚ್ಚದ ಶೇ 35ರಷ್ಟು, ಗರಿಷ್ಠ ₹10 ಲಕ್ಷ ಸಹಾಯಧನ. ಕರ್ನಾಟಕ ಇದಕ್ಕೆ ಶೇ 15 ಸೇರಿಸಿ ಒಟ್ಟು ಶೇ 50ಕ್ಕೆ ಏರಿಸಿತು. ಮಿತಿ ₹15 ಲಕ್ಷವಾಯಿತು. ಕೈಯಿಂದ ಹಾಕಬೇಕಾದ್ದು ಕನಿಷ್ಠ ಶೇ 10 ಮಾತ್ರ. ಕಾಗದದ ಮೇಲೆ ಇಷ್ಟು ಉದಾರವಾದ ಯೋಜನೆ ಸಣ್ಣ ಉದ್ದಿಮೆದಾರರಿಗೆ ಸಿಕ್ಕಿದ್ದು ಕಡಿಮೆ.

ತೊಡಕು ಇರುವುದು ಆ ಶೇ 50 ಯಾವುದರ ಮೇಲೆ ಎಂಬಲ್ಲಿ. ಜಮೀನಿನ ಬೆಲೆ ಲೆಕ್ಕಕ್ಕಿಲ್ಲ, ಅದು ಸರಿಯೇ. ಕಟ್ಟಡ ಕಾಮಗಾರಿ ಮಾತ್ರ ಅರ್ಹ ಯೋಜನಾ ವೆಚ್ಚದ ಶೇ 30 ಮೀರುವಂತಿಲ್ಲ. ₹20 ಲಕ್ಷದ ಯೋಜನೆ ಎಂದುಕೊಳ್ಳೋಣ. ಸಹಾಯಧನ ₹10 ಲಕ್ಷ, ಕೈಹಣ ₹2 ಲಕ್ಷ, ಸಾಲ ₹18 ಲಕ್ಷ. ಇದರಲ್ಲಿ ನೆಲ, ಗೋಡೆ, ಚಾವಣಿ, ಚರಂಡಿ, ಚಿಮಣಿ, ಪ್ಯಾಕಿಂಗ್ ಕೋಣೆ, ದಾಸ್ತಾನು ಮಳಿಗೆ ಎಲ್ಲವೂ ₹6 ಲಕ್ಷದೊಳಗೆ ಮುಗಿಯಬೇಕು. ಉಳಿದ ₹14 ಲಕ್ಷಕ್ಕೆ ಯಂತ್ರ ಕೊಳ್ಳಬೇಕು.

ಆಲೆಮನೆಗೆ ₹14 ಲಕ್ಷದ ಯಂತ್ರ ಬೇಕೇ ಎಂದು ಯಾರೂ ಕೇಳುವುದಿಲ್ಲ. ಕೊಟೇಷನ್ ಕೊಡುವವರಂತೂ ಖಂಡಿತ ಕೇಳುವುದಿಲ್ಲ.

ಇತ್ತ ಆಹಾರ ಸುರಕ್ಷತಾ ಪ್ರಾಧಿಕಾರ ನೋಡುವುದು ಮುಖ್ಯವಾಗಿ ಕಟ್ಟಡವನ್ನೇ. 2011ರ ಪರವಾನಗಿ ನಿಯಮಾವಳಿಯ 4ನೇ ಅನುಸೂಚಿ ಓದಿದರೆ ಸಾಕು: ನೆಲ, ಗೋಡೆ, ಚಾವಣಿ ಸುಲಭವಾಗಿ ತೊಳೆಯುವಂತಿರಬೇಕು, ಬಣ್ಣ–ಗಾರೆ ಉದುರಬಾರದು, ಕಿಟಕಿಗೆ ಜಾಲರಿ ಬೇಕು, ಕೊಳಚೆ ನೀರು ಸರಾಗವಾಗಿ ಹೋಗಬೇಕು. ಹೀಗೆ ಒಂದು ಇಲಾಖೆ ಗೋಡೆ ತೋರಿಸಿ ಎನ್ನುತ್ತದೆ, ಇನ್ನೊಂದು ಯಂತ್ರಕ್ಕೆ ದುಡ್ಡು ಕೊಡುತ್ತದೆ. ಹೊಳೆಯುವ ಸ್ಟೀಲ್ ಕೊಪ್ಪರಿಗೆ ಬಿರುಕು ನೆಲದ ಮೇಲೆ ಬಂದು ಕೂರುವುದಕ್ಕೆ ಈ ಲೆಕ್ಕಾಚಾರವೇ ದಾರಿ ಮಾಡಿಕೊಡುತ್ತದೆ.

ಶೇ 30ರ ಮಿತಿಗೆ ಕಾರಣವೇ ಇಲ್ಲವೆಂದಲ್ಲ. ಉದ್ಯಮದ ಹೆಸರಿನಲ್ಲಿ ಹಣ ಪಡೆದು ವಾಸದ ಮನೆ ಎಬ್ಬಿಸಿಕೊಳ್ಳುವ ಭಯ ಸರ್ಕಾರಕ್ಕೆ ಇದ್ದೇ ಇದೆ, ಆ ಭಯ ನಿರಾಧಾರವೂ ಅಲ್ಲ. ಆದರೆ ಹೊಸದಾಗಿ ಶೆಡ್ ಹಾಕುವವನಿಗೂ ನಲವತ್ತು ವರ್ಷದ ಕಟ್ಟಡ ರಿಪೇರಿ ಮಾಡುವವನಿಗೂ ಒಂದೇ ಮಿತಿ ಏಕೆ? 4ನೇ ಅನುಸೂಚಿ ಕೇಳುವ ನೆಲ, ಚರಂಡಿ, ಜಾಲರಿಯ ಕೆಲಸವನ್ನು ಈ ಮಿತಿಯಿಂದ ಹೊರಗಿಟ್ಟು, ಹಂತಹಂತದ ಫೋಟೊ ತಪಾಸಣೆಯ ಮೇಲೆ ಹಣ ಬಿಡುಗಡೆ ಮಾಡಬಹುದು. ವಸತಿ ಯೋಜನೆಗಳ ಮನೆಗಳಿಗೆ ಸರ್ಕಾರ ಮಾಡುತ್ತಿರುವುದೂ ಇದನ್ನೇ.

ತೆರಿಗೆಯೂ ಗೋಡೆಯ ವಿರುದ್ಧವೇ ನಿಂತಿದೆ. ನೋಂದಾಯಿತ ಗುತ್ತಿಗೆದಾರರಿಗೆ ಕಾಮಗಾರಿ ವಹಿಸಿದರೆ ಶೇ 18 ಜಿಎಸ್‌ಟಿ. ಪೊಟ್ಟಣ ಕಟ್ಟಿ ಲೇಬಲ್ ಹಚ್ಚಿದ ಬೆಲ್ಲಕ್ಕೆ 2022ರ ಜುಲೈ 18ರಿಂದ ಶೇ 5 ತೆರಿಗೆ ಬಂತು. ಅಂಥ ಬೆಲ್ಲ ಮಾರುವವರು ಯಂತ್ರಕ್ಕೆ ಕಟ್ಟಿದ ತೆರಿಗೆಯನ್ನು ಅದರಲ್ಲಿ ಹೊಂದಿಸಿಕೊಳ್ಳಬಹುದು. ಕಟ್ಟಡದ ತೆರಿಗೆಗೆ ಆ ಅವಕಾಶವಿಲ್ಲ. ಜಿಎಸ್‌ಟಿ ಕಾಯ್ದೆಯ ಸೆಕ್ಷನ್ 17(5) ಬಾಗಿಲು ಮುಚ್ಚಿದೆ, ನವೀಕರಣದ ವೆಚ್ಚವನ್ನು ಕಟ್ಟಡದ ಮೌಲ್ಯಕ್ಕೆ ಸೇರಿಸಿದರೆ ಅದಕ್ಕೂ ಇದೇ ಗತಿ. ₹6 ಲಕ್ಷದ ಕೆಲಸಕ್ಕೆ ₹1.08 ಲಕ್ಷ ಹೋದದ್ದು ಹೋದದ್ದೇ. ಹಾಗೆಂದು ಊರಿನ ಗಾರೆ ಮೇಸ್ತ್ರಿಗೆ ಕೆಲಸ ಕೊಟ್ಟರೆ ಅವರ ಬಳಿ ಬಿಲ್ ಇಲ್ಲ. ಬಿಲ್ ಇಲ್ಲದೆ ಬ್ಯಾಂಕ್ ಕಂತು ಬಿಡುವುದಿಲ್ಲ. ಯಂತ್ರದ ಹಣ ನೇರ ಮಾರಾಟಗಾರರ ಖಾತೆಗೆ ಹೋಗಿ ಒಂದೇ ದಿನದಲ್ಲಿ ಮುಗಿಯುತ್ತದೆ; ಗೋಡೆಯ ಹಣಕ್ಕೆ ಅಂದಾಜು ಪಟ್ಟಿ, ತಪಾಸಣೆ, ಮತ್ತೆ ತಪಾಸಣೆ.

ಸಹಾಯಧನ ಕೈಗೆ ಬರುವ ಹಣವೂ ಅಲ್ಲ. ಸಾಲ ಬಿಡುಗಡೆಯಾದ ಮೇಲೆ ಅದು ಬ್ಯಾಂಕಿನ ಪ್ರತ್ಯೇಕ ಖಾತೆಯಲ್ಲಿ ಕೂರುತ್ತದೆ. ಕೊನೆಯ ಕಂತು ಬಿಡುಗಡೆಯಾಗಿ ಮೂರು ವರ್ಷದ ನಂತರ, ಸಾಲ ಸುಸ್ತಿಯಾಗಿಲ್ಲದೆ ಘಟಕ ನಡೆಯುತ್ತಿದ್ದರೆ ಮಾತ್ರ ಸಾಲಕ್ಕೆ ಜಮೆ. ಖಾದಿ ಆಯೋಗದ ಮೂಲಕ 2008ರಿಂದ ನಡೆಯುತ್ತಿರುವ ಪ್ರಧಾನಮಂತ್ರಿ ಉದ್ಯೋಗ ಸೃಜನ ಯೋಜನೆಯಲ್ಲೂ (ಪಿಎಂಇಜಿಪಿ) ಮೂರು ವರ್ಷ ಹಣ ಠೇವಣಿಯಾಗಿಯೇ ಇರುತ್ತದೆ. ದುರುಪಯೋಗ ತಡೆಯಲು ಇದು ಒಳ್ಳೆಯ ವಿಧಾನ, ತಕರಾರಿಲ್ಲ. ಆದರೆ ನವೀಕರಣದ ಹಣಕಾಸು ಯೋಜಿಸುವಾಗ ಆ ₹10 ಲಕ್ಷವನ್ನು ಇಲ್ಲವೆಂದೇ ಎಣಿಸಬೇಕು. ಚಾವಣಿ ಬಿಚ್ಚಿದ ಮೇಲೆ ಗೋಡೆಯಲ್ಲಿ ಗೆದ್ದಲು ಕಂಡರೆ, ಅಡಿಪಾಯ ಕುಸಿದಿದ್ದರೆ, ಆ ಹೆಚ್ಚುವರಿ ಖರ್ಚು ಯೋಜನಾ ವರದಿಯಲ್ಲಿ ಇರುವುದಿಲ್ಲ. ಹಳೆಯ ಕಟ್ಟಡ ಬಿಚ್ಚಿದಾಗ ಹೀಗಾಗುವುದೇ ಹೆಚ್ಚು. ಆಗ ಉಳಿಯುವುದು ಕೈಸಾಲ, ಇಲ್ಲವೇ ಮನೆಯವರ ಒಡವೆ.

ಕೆಲಸ ನಡೆಯುವಾಗ ಗಾಣ ನಿಲ್ಲುತ್ತದೆ ಎಂಬುದನ್ನೂ ವರದಿಗಳು ಮರೆಯುತ್ತವೆ. ನಾಲೆ ಬಯಲಿನ ಆಲೆಮನೆಗೆ ಬಿಡುವು ಸಿಗುವುದು ಹೆಚ್ಚಾಗಿ ಮಳೆಗಾಲದಲ್ಲಿ; ಚಾವಣಿ ಬಿಚ್ಚಲು ಅದಕ್ಕಿಂತ ಕೆಟ್ಟ ಕಾಲವಿಲ್ಲ. ಬೇಸಿಗೆಯಲ್ಲಿ ಬಿಚ್ಚೋಣವೆಂದರೆ ಉತ್ತರಪ್ರದೇಶದಿಂದ ಮುಂಗಡ ಕೊಟ್ಟು ಕರೆಸಿದ ಕೆಲಸಗಾರರು ಸುಮ್ಮನೆ ಕೂರಬೇಕು, ಕಬ್ಬು ಕೊಡಬೇಕಿದ್ದ ರೈತ ಪಕ್ಕದ ಆಲೆಮನೆಗೆ ಗಾಡಿ ತಿರುಗಿಸುತ್ತಾನೆ. ಮೊದಲು ಪ್ಯಾಕಿಂಗ್ ಕೋಣೆ ಮತ್ತು ಮಳಿಗೆ ಕಟ್ಟಿ, ಅದು ಮುಗಿದ ಮೇಲೆ ಒಲೆಯ ಭಾಗಕ್ಕೆ ಕೈ ಹಾಕುವುದು ಜಾಣತನ. ಆದರೆ ಬ್ಯಾಂಕಿನ ಕಂತುಗಳು ಈ ಕ್ರಮ ನೋಡಿ ಬರುವುದಿಲ್ಲ.

ಇದನ್ನೆಲ್ಲ ಯಾರು ಹೇಳಿಕೊಡಬೇಕು? ಅರ್ಜಿ, ಯೋಜನಾ ವರದಿಗೆ ನೆರವಾಗಲು ಜಿಲ್ಲಾ ಸಂಪನ್ಮೂಲ ವ್ಯಕ್ತಿಗಳಿದ್ದಾರೆ. ಸಾಲ ಮಂಜೂರಾದರೆ ಅವರಿಗೆ ₹20,000. ಅರ್ಧ ಮಂಜೂರಾತಿಯ ಮೇಲೆ, ಉಳಿದದ್ದು ನೋಂದಣಿ, ಆಹಾರ ಸುರಕ್ಷತಾ ಮಾನದಂಡ ಮತ್ತು ತರಬೇತಿ ಮುಗಿದ ಮೇಲೆ. ಹೀಗಾಗಿ ಅವರ ಶ್ರಮ ಕಾಗದದ ಕಡೆಗೇ ವಾಲುವುದು ಸಹಜ. ಗೋಡೆ ಏಳುವ ತಿಂಗಳುಗಳಲ್ಲಿ ನಿಂತು ನೋಡಲು ಯಾರಿಗೂ ಸಂಬಳವಿಲ್ಲ. ರಾಜ್ಯದಲ್ಲಿ ಯೋಜನೆಯ ಹೊಣೆ ಹೊತ್ತ ಕೃಷಿ ಉತ್ಪನ್ನ ಸಂಸ್ಕರಣೆ ಮತ್ತು ರಫ್ತು ನಿಗಮ (ಕಪೆಕ್), ಮಂಡ್ಯದ ವಿ.ಸಿ. ಫಾರ್ಮ್ ಕೃಷಿ ಸಂಶೋಧನಾ ಕೇಂದ್ರದ ವಿಜ್ಞಾನಿಗಳ ಜೊತೆ ಕುಳಿತು ಆಲೆಮನೆಯ ಎರಡು ಮೂರು ಮಾದರಿ ನಕ್ಷೆ, ಅದಕ್ಕೆ ತಕ್ಕ ಅಂದಾಜು ಪಟ್ಟಿ ಸಿದ್ಧಪಡಿಸಿ ಕೈಗಿಟ್ಟರೆ ಅರ್ಧ ತಲೆನೋವು ಕಡಿಮೆಯಾಗುತ್ತದೆ.

ಇನ್ನರ್ಧ ತಲೆನೋವು ಗುತ್ತಿಗೆಯದು. ಅನೇಕ ಆಲೆಮನೆಗಳಲ್ಲಿ ಕಟ್ಟಡ ಒಬ್ಬರದು, ಬೆಲ್ಲ ತೆಗೆಯುವವರು ಇನ್ನೊಬ್ಬರು, ಕರಾರು ಬಾಯಿಮಾತಿನದು. ಗುತ್ತಿಗೆಗೆ ಹಿಡಿದವರು ಬೇರೆಯವರ ಗೋಡೆಗೆ ಸಾಲ ಮಾಡುವುದಿಲ್ಲ, ಮಾಲೀಕರಿಗೆ ಬಾಡಿಗೆ ಬರುತ್ತಿರುವಾಗ ಟೈಲ್ಸ್ ಹಾಕಿಸುವ ದರ್ದಿಲ್ಲ. ಒಂದು ವರ್ಷ ಮೀರಿದ ಗುತ್ತಿಗೆ ನೋಂದಣಿಯಾಗಬೇಕೆಂದು 1908ರ ನೋಂದಣಿ ಕಾಯ್ದೆಯೇ ಹೇಳುತ್ತದೆ. ಸಹಾಯಧನ ಲಾಕ್ ಆಗಿರುವಷ್ಟು ಕಾಲಕ್ಕಾದರೂ ನೋಂದಾಯಿತ ಕರಾರು ಮಾಡಿಸಿ, ಅದರ ಮುದ್ರಾಂಕ ಶುಲ್ಕವನ್ನು ಯೋಜನಾ ವೆಚ್ಚಕ್ಕೆ ಸೇರಿಸಿಕೊಂಡರೆ, ಒಲೆಯ ಮುಂದೆ ನಿಂತು ಬೆಲ್ಲ ತೆಗೆಯುವವರೂ ಅರ್ಜಿ ಹಾಕಬಹುದು.