ಕಲ್ಯಾಣದ ಅಧ್ಯಯನ ಮತ್ತು ಬಹುಭಾಷಿಕ ಆಕರಗಳು

ದಕ್ಷಿಣ ಏಷ್ಯಾದ ಸಮಾಜ, ರಾಜಕಾರಣ ಮತ್ತು ಸಂಸ್ಕೃತಿಗಳ ಅಧ್ಯಯನವು ದೆಹಲಿಯಲ್ಲಿಯೋ ವಿದೇಶಗಳಲ್ಲಿಯೋ ನಡೆಯಬೇಕಾದುದು, ಕನ್ನಡ ವಿಭಾಗಗಳದು ಸಾಹಿತ್ಯದ ಅಧ್ಯಯನ ಮಾತ್ರ ಎಂಬ ಗ್ರಹಿಕೆ ನಮ್ಮಲ್ಲಿ ಬೇರೂರಿದೆ. ಈ ಗ್ರಹಿಕೆ ಎಷ್ಟು ಅಪೂರ್ಣವಾದುದೆಂಬುದನ್ನು ಬೀದರ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದಗಳು ಸ್ಪಷ್ಟಪಡಿಸುತ್ತವೆ.

ಕಲ್ಯಾಣವೆಂದೊಡನೆ ನಮ್ಮ ವಿದ್ವತ್ತು ಶರಣರ ಕಾಲಕ್ಕೆ ತೆರಳುತ್ತದೆ. ಇದು ಸಹಜ. ಆದರೆ ಶರಣರಿಗಿಂತ ತುಸು ಹಿಂದೆ ಇದೇ ನಗರದಲ್ಲಿ, ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ವಿಜ್ಞಾನೇಶ್ವರನು ‘ಮಿತಾಕ್ಷರಾ’ವನ್ನು ರಚಿಸಿದನು. ಬಂಗಾಳ, ಅಸ್ಸಾಮಿನಂತಹ ಪ್ರದೇಶಗಳನ್ನುಳಿದು ಭಾರತದ ಬಹುಭಾಗದಲ್ಲಿ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಹಕ್ಕನ್ನು ನಿರ್ಧರಿಸಿದ್ದು ಈ ಗ್ರಂಥ. ವಸಾಹತು ನ್ಯಾಯಾಲಯಗಳೂ ಇದನ್ನೇ ಆಧರಿಸಿದವು. ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಸಮಪಾಲು ನೀಡಿದ 2005ರ ತಿದ್ದುಪಡಿಯು ಬದಲಿಸಿದ್ದು ಮಿತಾಕ್ಷರ ಪದ್ಧತಿಯನ್ನೇ. ಹೆಣ್ಣು-ಗಂಡೆಂಬ ಭೇದವನ್ನು ಪ್ರಶ್ನಿಸಿದ ವಚನಗಳೂ ಗಂಡುಮಕ್ಕಳಿಗೆ ಆಸ್ತಿಯನ್ನು ಕಟ್ಟಿಕೊಟ್ಟ ಶಾಸ್ತ್ರವೂ ಒಂದೇ ನಗರದ ಕೊಡುಗೆಗಳು. ಇವೆರಡನ್ನೂ ಎದುರುಬದುರಾಗಿಟ್ಟು ಓದುವುದು ನಮ್ಮಲ್ಲಿ ವಿರಳ.

ಶರಣರ ನಂತರದ ಕಲ್ಯಾಣವಂತೂ ನಮ್ಮ ಓದಿನಿಂದ ಬಹುಮಟ್ಟಿಗೆ ಹೊರಗುಳಿದಿದೆ. ಹದಿನಾರನೆಯ ಶತಮಾನದಲ್ಲಿ ಬೀದರ, ಬಿಜಾಪುರ, ವಿಜಯನಗರಗಳು ಈ ಕೋಟೆಗಾಗಿ ಸೆಣಸಿದವು. ವಿಜಯನಗರದ ರಾಮರಾಯನಿಗೆ ಚಾಲುಕ್ಯರ ರಾಜಧಾನಿಯ ನೆನಪೇ ರಾಜಕೀಯ ಬಂಡವಾಳವಾಗಿತ್ತೆಂಬುದನ್ನು ರಿಚರ್ಡ್ ಈಟನ್ ಮತ್ತು ಫಿಲಿಪ್ ವ್ಯಾಗನರ್ 2014ರಲ್ಲಿ ಪ್ರಕಟಿಸಿದ ಕೃತಿಯಲ್ಲಿ ವಿವೇಚಿಸಿದ್ದಾರೆ. ಶಾಸನಗಳೊಂದಿಗೆ ಪರ್ಷಿಯನ್ ಚರಿತ್ರೆಗಳನ್ನೂ ಕಟ್ಟಡಗಳನ್ನೂ ಕೂಡಿಸಿ ಓದಿದ್ದರಿಂದಲೇ ಇದು ಅವರಿಗೆ ಸಾಧ್ಯವಾಯಿತು.

ಹುಮನಾಬಾದದ ನಿದರ್ಶನ ಇನ್ನೂ ಸಮೀಪದ್ದು. ಸಮೀಪದ ಮಾಣಿಕನಗರದಲ್ಲಿ ನೆಲೆಸಿ ಸಕಲಮತ ಸಂಪ್ರದಾಯವನ್ನು ಪ್ರವರ್ತಿಸಿದ ಮಾಣಿಕಪ್ರಭುಗಳು (1817-1865) ಮರಾಠಿ, ಕನ್ನಡ, ಹಿಂದೂಸ್ತಾನಿ ಭಾಷೆಗಳಲ್ಲಿ ಪದಗಳನ್ನು ರಚಿಸಿದರು. ಅವರನ್ನು ಮರಾಠಿಯವರು ಮರಾಠಿ ಸಂತರೆಂದೂ ನಾವು ಕನ್ನಡದ ತತ್ವಪದಕಾರರೆಂದೂ ಬೇರೆ ಬೇರೆಯಾಗಿ ಓದಿದರೆ, ಎಲ್ಲ ಮತಗಳನ್ನೂ ಒಳಗೊಳ್ಳಹೊರಟ ಆ ಸಂಪ್ರದಾಯದ ತಿರುಳೇ ಕೈತಪ್ಪುತ್ತದೆ.

1956ರಲ್ಲಿ ಹಳೆಯ ಬೀದರ ಜಿಲ್ಲೆ ಒಡೆದು ಉದಗೀರ, ನಿಲಂಗಾಗಳು ಒಂದು ರಾಜ್ಯಕ್ಕೂ, ನಾರಾಯಣಖೇಡ ಇನ್ನೊಂದಕ್ಕೂ, ಹುಮನಾಬಾದ, ಕಲ್ಯಾಣಗಳು ಮೈಸೂರು ರಾಜ್ಯಕ್ಕೂ ಸೇರಿದವು. ಆಡಳಿತಕ್ಕೆ ಈ ವಿಂಗಡಣೆ ಅಗತ್ಯವಿದ್ದಿರಬಹುದು. ವಿದ್ವತ್ತು ಅದನ್ನೇ ತನ್ನ ಗಡಿಯಾಗಿಸಿಕೊಳ್ಳಬೇಕಿರಲಿಲ್ಲ. ನಿಜಾಮ ಆಡಳಿತದ ಉರ್ದು ಕಡತಗಳನ್ನೂ ಮೋಡಿ ಲಿಪಿಯ ಮರಾಠಿ ಕಾಗದಗಳನ್ನೂ ಓದಬಲ್ಲವರು ವಿರಳವಾಗುತ್ತಿದ್ದಾರೆ. ಕಾಗದ ಉಳಿದರೂ ಓದುವವರು ಅಳಿದರೆ ಆಕರ ಅಳಿದಂತೆಯೇ.

ಗಡಿಭಾಗದಲ್ಲಿ ಕನ್ನಡವೇ ನೆಲೆಗಾಗಿ ಹೆಣಗುತ್ತಿರುವಾಗ ಅನ್ಯಭಾಷೆಗಳ ಹೊರೆಯೇಕೆ ಎಂಬ ಆಕ್ಷೇಪ ಬರಬಹುದು. ಆ ಆತಂಕ ಅಲಕ್ಷಿಸತಕ್ಕದ್ದಲ್ಲ. ಆದರೆ ನೆರೆಭಾಷೆಗಳ ಆಕರಗಳನ್ನು ಕನ್ನಡಕ್ಕೆ ತಂದರೆ ಬೆಳೆಯುವುದು ಕನ್ನಡದ ಜ್ಞಾನವೇ. 2022ರಲ್ಲಿ ಪೀರ್ ಪಾಷಾ ಬಂಗಲೆಯೇ ಮೂಲ ಅನುಭವ ಮಂಟಪವೆಂಬ ವಾದ ಬೀದಿಗೆ ಬಂದಿತು. ಇಂತಹ ಪ್ರಶ್ನೆಗಳನ್ನು ಶಾಸನ, ಕಡತ, ಕಟ್ಟಡಗಳ ಸಾಕ್ಷ್ಯದಿಂದ ಪರಿಶೀಲಿಸುವ ಸಿದ್ಧತೆ ವಿಶ್ವವಿದ್ಯಾಲಯಗಳಲ್ಲಿ ಇಲ್ಲದಿದ್ದರೆ ತೀರ್ಮಾನಗಳು ಘೋಷಣೆಗಳಿಗೆ ಬಿಟ್ಟುಹೋಗುತ್ತವೆ.

ಹೈದರಾಬಾದ್ ಕರ್ನಾಟಕವು 2019ರಲ್ಲಿ ಕಲ್ಯಾಣ ಕರ್ನಾಟಕವಾಯಿತು. ಆ ಹೆಸರು ಒಂದು ಶತಮಾನದ ಸ್ಮರಣೆಗಷ್ಟೇ ಸೀಮಿತವಾಗಬಾರದು. ಈ ಭಾಗವನ್ನು ಕುರಿತು ಸಂಶೋಧನೆ ಕೈಗೊಳ್ಳುವವರಿಗೆ ಪಿಎಚ್.ಡಿ. ಪೂರ್ವಸಿದ್ಧತೆಯಲ್ಲಿ ಉರ್ದು ಅಥವಾ ಮೋಡಿ ಲಿಪಿಯ ಓದನ್ನು ಕಡ್ಡಾಯಗೊಳಿಸಬೇಕು. ಉರ್ದು, ಮರಾಠಿ ವಿಭಾಗಗಳೊಂದಿಗೆ ಜಂಟಿ ಮಾರ್ಗದರ್ಶನ ಏರ್ಪಡಬೇಕು. ಇದಕ್ಕೆ ದೊಡ್ಡ ಅನುದಾನಕ್ಕಿಂತ ವಿಭಾಗಗಳ ಮನಸ್ಸು ಮುಖ್ಯ.