ಬಡವರ ಹೆಸರಿನಲ್ಲಿ ಇಂಟರ್ನೆಟ್ ಕಸಿಯಲು ಬಿಡಬೇಡಿ! ಜನವರಿ 7ರೊಳಗೆ ಟ್ರಾಯ್‌ಗೆ ಬರೆಯಿರಿ



ಪತ್ರಿಕೆ ಬಿಡಿಸಿದರೆ ಪುಟ ತುಂಬ ಫೇಸ್‌ಬುಕ್ಕಿನ ಜಾಹೀರಾತು. ರಸ್ತೆಗಿಳಿದರೆ ಅದರದೇ ಹೋರ್ಡಿಂಗು. ಮೊಬೈಲ್ ತೆರೆದರೆ, ಆಯ್ದ ಕೆಲವು ಜಾಲತಾಣಗಳನ್ನಷ್ಟೇ ಪುಕ್ಕಟೆ ತೋರಿಸುವ ತನ್ನ ‘ಫ್ರೀ ಬೇಸಿಕ್ಸ್’ ಸೇವೆಯನ್ನು ಉಳಿಸಿ ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ಗೆ ಸಂದೇಶ ಕಳಿಸುವಂತೆ ದುಂಬಾಲು. 2015ರ ಡಿಸೆಂಬರ್ 28ರಂದು ಸ್ವತಃ ಮಾರ್ಕ್ ಜುಕರ್‌ಬರ್ಗ್ ಇಂಗ್ಲಿಷ್ ಪತ್ರಿಕೆಗೆ ಲೇಖನ ಬರೆದು, ಈ ಸೇವೆಯನ್ನು ಗ್ರಂಥಾಲಯಕ್ಕೂ ಸಾರ್ವಜನಿಕ ಆಸ್ಪತ್ರೆಗೂ ಹೋಲಿಸಿದ್ದಾರೆ. ನಮ್ಮೂರ ಗ್ರಂಥಾಲಯದ ಪುಸ್ತಕಗಳನ್ನು ಯಾವ ವ್ಯಾಪಾರಿಯೂ ಆರಿಸುವುದಿಲ್ಲ. ಇಲ್ಲಿ ಆರಿಸುವವರು ಅವರೇ!

ಅನ್ಯಾಯ ಇರುವುದು ಇಲ್ಲಿಯೇ. ರಿಲಯನ್ಸ್ ಕಮ್ಯುನಿಕೇಷನ್ಸ್ ಸಿಮ್ಮಿನಲ್ಲಿ ಬರುವ ಈ ‘ಉಚಿತ’ ಸೇವೆಯೊಳಗೆ ಸೇರಬೇಕಾದ ಜಾಲತಾಣ ಫೇಸ್‌ಬುಕ್ಕಿಗೆ ಅರ್ಜಿ ಹಾಕಬೇಕು, ಅದು ವಿಧಿಸಿದ ಷರತ್ತಿಗೆ ಒಪ್ಪಬೇಕು. ವಿಡಿಯೊ ಇಲ್ಲ, ಇಂಟರ್ನೆಟ್ ಕರೆ ಇಲ್ಲ. ನೀವು ನೋಡುವುದೆಲ್ಲ ಅದರದೇ ಸರ್ವರ್ ಹಾದು ಬರಬೇಕು. ಊರಿನವರಿಗೆಲ್ಲ ಪುಕ್ಕಟೆ ಬಸ್ ಬಿಟ್ಟು, ತನ್ನ ಅಂಗಡಿಯ ಮುಂದೆ ಮಾತ್ರ ನಿಲ್ಲಿಸುವ ಸಾಹುಕಾರನನ್ನು ದಾನಿ ಎನ್ನುತ್ತೀರಾ?

ಇವತ್ತು ಆರಿಸುವವರು ಫೇಸ್‌ಬುಕ್ಕಿನವರು. ನಾಳೆ ಪ್ರತಿಯೊಂದು ಮೊಬೈಲ್ ಕಂಪನಿಯೂ ಆರಿಸಲು ಕೂರುತ್ತದೆ. ರೈತ ಎಪಿಎಂಸಿ ಧಾರಣೆ ಎಲ್ಲಿ ನೋಡಬೇಕು, ವಿದ್ಯಾರ್ಥಿ ಯಾವ ಪಾಠ ಓದಬೇಕು, ಮತದಾರ ಯಾರ ಸುದ್ದಿ ನಂಬಬೇಕು, ಎಲ್ಲವನ್ನೂ ಅವರೇ ಆರಿಸುತ್ತಾರೆ. ಕನ್ನಡದ ಜ್ಞಾನಕೋಶ ‘ಕಣಜ’ವಾಗಲಿ, ಕನ್ನಡ ವಿಕಿಪೀಡಿಯವಾಗಲಿ, ಹಳ್ಳಿಯ ಹುಡುಗನೊಬ್ಬ ಬರೆಯುವ ಬ್ಲಾಗಾಗಲಿ ಬೆಳೆದದ್ದು ಯಾರ ಅಪ್ಪಣೆಯನ್ನೂ ಕೇಳದೆ. ಇನ್ನು ಮುಂದೆ ಕನ್ನಡ ಯಾರ ಬಾಗಿಲಲ್ಲಿ ಅರ್ಜಿ ಹಿಡಿದು ನಿಲ್ಲಬೇಕು?

‘ಏನೂ ಇಲ್ಲದವರಿಗೆ ಇಷ್ಟಾದರೂ ಸಿಗಲಿ’ ಎನ್ನುವ ದಯಾಳುಗಳಿದ್ದಾರೆ. ಅವರ ಮಕ್ಕಳಿಗೆ ಇಡೀ ಇಂಟರ್ನೆಟ್ ಬೇಕು. ಯಾದಗಿರಿಯ ಕೂಲಿಕಾರನ ಮಗಳಿಗೆ ಕಂಪನಿ ಆರಿಸಿಕೊಟ್ಟಷ್ಟು ಸಾಕು! ಈ ಮಹನೀಯರು ಮೊದಲು ತಮ್ಮ ಮೊಬೈಲಿನಲ್ಲಿ ಅಷ್ಟನ್ನೇ ಇಟ್ಟುಕೊಂಡು ಒಂದು ತಿಂಗಳು ಬದುಕಿ ತೋರಿಸಲಿ. ಐಐಟಿ, ಐಐಎಸ್‌ಸಿ ಪ್ರಾಧ್ಯಾಪಕರೇ ಸಹಿ ಹಾಕಿ ಈ ಯೋಜನೆಯನ್ನು ವಿರೋಧಿಸಿದ್ದಾರೆ. ಅವರೂ ಬಡವರ ವೈರಿಗಳೇ?

ಜಾಹೀರಾತಿನ ಹಣ ಎಣಿಸಿಕೊಂಡು ಬಾಯಿ ಮುಚ್ಚಿದ ಪತ್ರಿಕೆಗಳಿಗೆ ಧಿಕ್ಕಾರ! ನಾಮಫಲಕದಲ್ಲಿ ಕನ್ನಡ ಇಲ್ಲವೆಂದು ಬೀದಿಗಿಳಿಯುವ ಸಂಘಟನೆಗಳೇ, ನೀವೆಲ್ಲಿದ್ದೀರಿ? ಕನ್ನಡದ ನಾಳೆಯನ್ನೇ ಹರಾಜಿಗಿಟ್ಟಾಗ ಮೌನವೇಕೆ?

ಹಿಂಜರಿಯಬೇಡಿ. 2015ರ ಏಪ್ರಿಲ್‌ನಲ್ಲಿ, ಹಣ ಕೊಟ್ಟ ಕಂಪನಿಗಳ ಆ್ಯಪ್‌ಗಳನ್ನು ಮಾತ್ರ ಪುಕ್ಕಟೆ ಕೊಡುವ ಏರ್‌ಟೆಲ್ ಝೀರೊ ಯೋಜನೆ ಬಂದಾಗ ಜನ ಸಿಡಿದೆದ್ದರು. ನಮ್ಮ ಬೆಂಗಳೂರಿನ ಫ್ಲಿಪ್‌ಕಾರ್ಟ್ ಏಪ್ರಿಲ್ 14ರಂದು ಅದರಿಂದ ಹಿಂದೆ ಸರಿಯಿತು. ಹತ್ತು ಲಕ್ಷ ಮೀರಿ ಇ-ಮೇಲ್‌ಗಳು ಟ್ರಾಯ್‌ಗೆ ಹೋದವು. ಆ ಶಕ್ತಿ ಈಗ ಮತ್ತೆ ಬೇಕು.

ಬಡವರಿಗೆ ಇಂಟರ್ನೆಟ್ ಬೇಕು, ಅಗ್ಗವಾಗಿ ಬೇಕು, ಆದರೆ ಇಡಿಯಾಗಿ ಬೇಕು. ಅದಕ್ಕೆ ದಾರಿ ಹುಡುಕುವುದು ಸರ್ಕಾರದ ಹೊಣೆ.

ಟ್ರಾಯ್ ಕೇಳಿರುವ ಪ್ರಶ್ನೆಗಳಿಗೆ ಅಭಿಪ್ರಾಯ ತಿಳಿಸಲು ಡಿಸೆಂಬರ್ 30 ಕೊನೆಯ ದಿನವಾಗಿತ್ತು. ಈಗ 2016ರ ಜನವರಿ 7ರವರೆಗೆ ಅವಕಾಶವಿದೆ. ಬೇರೆ ಬೇರೆ ಜಾಲತಾಣಗಳಿಗೆ ಬೇರೆ ಬೇರೆ ದರ ವಿಧಿಸಲು ಬಿಡಬಹುದೇ ಎಂಬುದು ಟ್ರಾಯ್‌ನ ಮೊದಲ ಪ್ರಶ್ನೆ. ಕೂಡದು ಎಂದು ಬರೆಯಿರಿ. ಏಕೆ ಕೂಡದು ಎಂಬುದನ್ನು ನಿಮ್ಮದೇ ಮಾತಿನಲ್ಲಿ ಬರೆಯಿರಿ. ಈ ಕರಪತ್ರವನ್ನು ಓದಿ ಇನ್ನೊಬ್ಬರಿಗೆ ಕೊಡಿ, ಅವರಿಂದಲೂ ಬರೆಸಿ. ಇಂದೇ ಬರೆಯಿರಿ!